ಸಬೀನೋ ಹಳ್ಳದಲ್ಲಿ ಅಪ್ಪ, ಮಗಳು, ನಾನು

ಅಪ್ಪ ಊರಿಂದ ಬಂದು ಮೂರು ವಾರವಾಗಿತ್ತು. ಚಳ್ಳಕೆರೆ ತಾಲ್ಲೂಕಿನ ಹೊಲ, ಶೇಂಗಾ, ಕುರಿ ಎಲ್ಲ ಬಿಟ್ಟು ಅರಿಝೋನಾದ ಚಾಂಡ್ಲರ್‌ನ ನಮ್ಮ ಮನೆಯಲ್ಲಿ ಕೂತರೆ ಅವರಿಗೆ ಹೊತ್ತು ಹೋಗುವುದಿಲ್ಲ. ಒಂದು ರಾತ್ರಿ ಊಟ ಮಾಡುತ್ತಾ ಕೇಳಿದರು, "ಈ ಸೀಮೆಯಲ್ಲಿ ಎಲ್ಲೂ ಹಳ್ಳ ಹರಿಯಲ್ವೇನೋ?" ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಏಪ್ರಿಲ್ ಕೊನೆಯ ವಾರ ರಜೆ ಹಾಕಿದೆ. ಹೆಂಡತಿಗೆ ರಜೆ ಸಿಗಲಿಲ್ಲ. ಅಪ್ಪನನ್ನೂ ಒಂಬತ್ತು ವರ್ಷದ ಮಗಳನ್ನೂ ಕಾರಿಗೆ ಹತ್ತಿಸಿಕೊಂಡು ಟೂಸಾನ್ ಕಡೆ ಹೊರಟೆ.

ಟೂಸಾನ್ ಊರಿನ ಈಶಾನ್ಯಕ್ಕೆ ಸಾಂಟಾ ಕ್ಯಾಟಲೀನಾ ಬೆಟ್ಟಸಾಲು ಇದೆ. ಅದರ ತಲೆಯ ಮೇಲೆ ಬೀಳುವ ಮಳೆ, ಹಿಮ ಎಲ್ಲ ಕೂಡಿ ಒಂದು ಕಮರಿ ಕೊರೆದುಕೊಂಡು ಮರುಭೂಮಿಗೆ ಇಳಿಯುತ್ತದೆ. ಅದೇ ಸಬೀನೋ ಹಳ್ಳ. ಟೂಸಾನ್‌ನಲ್ಲಿ ವರ್ಷಕ್ಕೆ 300 ಮಿಲಿಮೀಟರ್‌ಗಿಂತ ಕಡಿಮೆ ಮಳೆ. ಅದರಲ್ಲಿ ಅರ್ಧದಷ್ಟು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಆ ಮಳೆಗಾಲವನ್ನು ಇಲ್ಲಿಯವರೂ ಮಾನ್ಸೂನ್ ಅಂತಲೇ ಕರೆಯುತ್ತಾರೆ. ಅದನ್ನು ಕೇಳಿ ಅಪ್ಪನಿಗೆ ಖುಷಿಯಾಯಿತು.

ಮೊದಲ ದಿನ, ಗುರುವಾರ

ನಾವು ಕಮರಿಯ ಬಾಯಿ ತಲುಪಿದಾಗ ಸಂಜೆ ನಾಲ್ಕೂವರೆ. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಬೆಟ್ಟದ ಇಳಿಜಾರಿನ ತುಂಬಾ ಸಗ್ವಾರೋ ಕಳ್ಳಿಗಳು, ಮನೆಗಿಂತ ಎತ್ತರ, ಕಂಬ ನೆಟ್ಟ ಹಾಗೆ. ಅವುಗಳ ನಡುವೆ ಪಾಲೋ ವರ್ಡೇ ಮರಗಳು ತಿಳಿ ಹಳದಿ ಹೂ ಬಿಟ್ಟು ನಿಂತಿದ್ದವು. ಸ್ಪ್ಯಾನಿಷ್‌ನಲ್ಲಿ ಆ ಹೆಸರಿಗೆ ಹಸಿರು ಕೋಲು ಅಂತ ಅರ್ಥ. ಕಾಂಡ, ಕೊಂಬೆ ಎಲ್ಲ ಹಸಿರು. ಎಲೆ ಉದುರಿದರೂ ಆ ತೊಗಟೆಯೇ ಬಿಸಿಲಲ್ಲಿ ಆಹಾರ ತಯಾರಿಸುತ್ತದೆ.

ಕೆಳಗಿನ ಪುಟ್ಟ ಅಣೆಕಟ್ಟಿನ ಕಡೆ ಇಳಿಯುವಾಗ ಅಪ್ಪ ಗಕ್ಕನೆ ನಿಂತರು.

"ಅಲ್ಲೋ, ಇದು ನಮ್ಮ ಬಳ್ಳಾರಿ ಜಾಲಿ ಅಲ್ಲೇನೋ?"

ಅದು ವೆಲ್ವೆಟ್ ಮೆಸ್ಕೀಟ್. ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಗರಿಯಂಥ ಎಲೆ, ಮುಳ್ಳು, ತೂಗಾಡುವ ಹಳದಿ ಹೂಗೊಂಚಲು, ಅದಕ್ಕೆ ಮುತ್ತಿದ ಜೇನು, ಎಲ್ಲ ನಮ್ಮೂರ ಹಳ್ಳದ ದಂಡೆಯಲ್ಲಿ ಇರುವ ಹಾಗೆಯೇ. ಎಲೆಯನ್ನು ಬೆರಳಲ್ಲಿ ಸವರಿದರೆ ಮಾತ್ರ ಇದು ನವಿರು, ಸಣ್ಣ ರೋಮ ಇದೆ. ಬಳ್ಳಾರಿ ಜಾಲಿಯ ಮೂಲ ಅಮೆರಿಕ ಖಂಡ ಅಂತ ಅಪ್ಪನಿಗೆ ಹೇಳಿದೆ. 1870ರ ದಶಕದಲ್ಲಿ ಬ್ರಿಟಿಷರು ಅದನ್ನು ಕಡಪ ಕಡೆ ಸೌದೆಗಾಗಿ ಬೆಳೆಸಲು ಶುರು ಮಾಡಿದರು. ಆಮೇಲೆ ದನ, ಮೇಕೆಗಳು ಕಾಯಿ ತಿಂದು ಬೀಜವನ್ನು ಊರೂರಿಗೆ ಹರಡಿದವು. ಅಪ್ಪ ಮಾತಾಡಲಿಲ್ಲ. ನಮ್ಮ ಕೆಳಗಿನ ಹೊಲದ ಅರ್ಧ ಎಕರೆಯನ್ನು ಈ ಗಿಡದ ಕೈಯಿಂದ ಬಿಡಿಸಲು ಅವರು ಹದಿನೈದು ವರ್ಷ ಹೊಡೆದಾಡಿದ್ದಾರೆ. ಅವರ ಎಡಗೈ ಹೆಬ್ಬೆರಳಲ್ಲಿ ಮುಳ್ಳು ಮುರಿದ ಕಲೆ ಈಗಲೂ ಇದೆ.

ಇನ್ನು ಇಪ್ಪತ್ತು ಹೆಜ್ಜೆ ಇಳಿದರೆ ಬೇರೆಯೇ ಕಾಡು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಎಣಿಸಿ ನೋಡಿದ್ದೇನೆ. ಇಪ್ಪತ್ತು ಹೆಜ್ಜೆ ಹಿಂದೆ ಕಳ್ಳಿ, ಮುಳ್ಳು, ಸುಡುವ ಕಲ್ಲು. ಇಲ್ಲಿ ತಂಪು ನೆರಳು, ಕೊಳೆತ ಎಲೆಯ ವಾಸನೆ, ಕಪ್ಪೆ. ವಿಲೋ, ಆ್ಯಶ್, ಬಿಳಿ ತೊಗಟೆಯ ಸಿಕಮೋರ್, ಎಲ್ಲಕ್ಕಿಂತ ಎತ್ತರಕ್ಕೆ ಕಾಟನ್‌ವುಡ್. ಗಾಳಿಯೇ ಇಲ್ಲ ಅನ್ನುವಾಗಲೂ ಕಾಟನ್‌ವುಡ್ ಎಲೆ ಪಟಪಟ ಅಲುಗುತ್ತದೆ. "ಅರಳಿ ಮರದ ಹಂಗೆ" ಅಂದರು ಅಪ್ಪ. ನಿಜ, ಎಲೆಯ ಆಕಾರವೂ ಸುಮಾರು ಹಾಗೇ ಇದೆ. ತೊಟ್ಟು ಚಪ್ಪಟೆಯಾಗಿರುವುದರಿಂದ ಸ್ವಲ್ಪ ಗಾಳಿಗೂ ತಿರುಗಾಡುತ್ತದೆ. ಅದರ ಬೀಜದ ಹತ್ತಿ ಆಗ ತಾನೇ ಉದುರುತ್ತಿತ್ತು. ನೀರ ಮೇಲೆ, ಮರಳ ಮೇಲೆ, ಮಗಳ ಕೂದಲ ಮೇಲೆ ಬಿಳಿ ಎಳೆಗಳು. ಆ ಬೀಜಕ್ಕೆ ಕೆಲವೇ ವಾರದ ಆಯಸ್ಸು. ಅಷ್ಟರೊಳಗೆ ಹಸಿ ಮರಳು ಸಿಗಬೇಕು. ಬೆಟ್ಟದ ಹಿಮ ಕರಗಿ ಬಂದ ನೀರು ಇಳಿಯುತ್ತಾ ಹಸಿ ದಂಡೆ ಬಿಡುವ ಹೊತ್ತಿಗೆ ಸರಿಯಾಗಿ ಮರ ಹತ್ತಿ ಬಿಡುತ್ತದೆ.

ಅಣೆಕಟ್ಟು ಚಿಕ್ಕದು, 1930ರ ದಶಕದ್ದು. ಹಿಂದೆಲ್ಲ ಮರಳು ತುಂಬಿಕೊಂಡಿದೆ. ಮರಳ ಮೇಲೆ ನೀರು ಗೇಣುದ್ದ ಆಳಕ್ಕೆ ಹರಡಿತ್ತು. ಮಗಳು ಒಂದು ಕೆಂಪು ಕಲ್ಲು ಹುಡುಕಿ, ನೀರು ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲಿಟ್ಟಳು. "ನಾಳೆ ಬಂದು ನೋಡೋಣ ತಾತ" ಅಂದಳು.

ಕತ್ತಲಾಗುವವರೆಗೂ ಅಲ್ಲೇ ಕೂತೆವು. ಒಂದು ಸಗ್ವಾರೋದಲ್ಲಿ ಎರಡಾಳೆತ್ತರದಲ್ಲಿ ದುಂಡನೆ ತೂತಿತ್ತು. ಗೀಲಾ ಮರಕುಟಿಗ ಕೊರೆದ ಗೂಡು. ಗಾಯವಾದ ಒಳಗೋಡೆಯನ್ನು ಕಳ್ಳಿ ಗಟ್ಟಿ ಮಾಡಿಕೊಂಡು ನೀರು ಸೋರದ ಹಾಗೆ ನೋಡಿಕೊಳ್ಳುತ್ತದೆ. ಮರಕುಟಿಗ ಬಿಟ್ಟುಹೋದ ಮನೆಗೆ ಬೇರೆಯವರು ಬರುತ್ತಾರೆ. ಬೆಳಕು ಪೂರ್ತಿ ಆರುವ ಮೊದಲು ಆ ತೂತಿನಲ್ಲಿ ಒಂದು ಪುಟ್ಟ ಮುಖ ಕಾಣಿಸಿತು. ಎಲ್ಫ್ ಗೂಬೆ. ಪ್ರಪಂಚದ ಅತಿ ಚಿಕ್ಕ ಗೂಬೆಗಳಲ್ಲಿ ಒಂದು. ತೂಕ ಸುಮಾರು 40 ಗ್ರಾಂ. ನಾಯಿಮರಿ ಕುಂಯ್‌ಗುಟ್ಟಿದ ಹಾಗೆ ಕೂಗಿತು. ಊರಲ್ಲಿ ಗೂಬೆ ಕೂಗಿದರೆ ಅಪ್ಪ "ಥೂ" ಅಂತ ಉಗಿಯುವವರು. ಅವತ್ತು ಉಸಿರು ಬಿಗಿಹಿಡಿದು ನೋಡಿದರು.

ಎರಡನೇ ದಿನ, ಶುಕ್ರವಾರ

ಬೆಳಿಗ್ಗೆ ಆರಕ್ಕೇ ಮಗಳು ಎಬ್ಬಿಸಿದಳು. ಅಣೆಕಟ್ಟಿನ ಹತ್ತಿರ ಹೋಗಿ ನೋಡಿದರೆ ಕೆಂಪು ಕಲ್ಲಿನ ಬುಡ ನೀರಲ್ಲಿತ್ತು! ರಾತ್ರಿ ಮಳೆ ಬಂದಿರಲಿಲ್ಲ. ಮಗಳು ಯಾರೋ ಕಲ್ಲು ಸರಿಸಿದ್ದಾರೆ ಅಂದಳು. ಅಪ್ಪ ಮೇಲೆ ಕಾಟನ್‌ವುಡ್ ಕಡೆ ನೋಡಿ, "ಹಗಲು ಇವು ಕುಡೀತವೆ, ರಾತ್ರಿ ಬಿಡ್ತವೆ" ಅಂದರು. ಅಷ್ಟೇ. ಹಗಲು ಎಲೆಗಳಿಂದ ಆವಿಯಾಗುವಷ್ಟು ನೀರನ್ನು ಬೇರು ಮರಳಿನಿಂದ ಎಳೆಯುತ್ತದೆ. ರಾತ್ರಿ ಎಲೆಯ ಬಾಯಿ ಮುಚ್ಚುತ್ತದೆ, ಹಳ್ಳ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಇಂಥ ಹಳ್ಳಗಳಲ್ಲಿ ನೀರಿನ ಮಟ್ಟ ಹೀಗೆ ದಿನವೂ ಏರಿಳಿಯುವುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ನಾನು ಓದಿ ತಿಳಿದದ್ದನ್ನು ಅಪ್ಪ ನಮ್ಮ ತೋಟದ ಬಾವಿ ನೋಡಿ ತಿಳಿದಿದ್ದರು.

ಕಮರಿಯೊಳಗೆ ಸ್ವಂತ ಕಾರು ಬಿಡುವುದಿಲ್ಲ. ಬ್ಯಾಟರಿಯಿಂದ ಓಡುವ ತೆರೆದ ಗಾಡಿ ಇದೆ. ಸುಮಾರು 6 ಕಿಲೋಮೀಟರ್ ದಾರಿ, ಒಂಬತ್ತು ನಿಲ್ದಾಣ, ಒಂಬತ್ತು ಕಲ್ಲಿನ ಸೇತುವೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದವರಿಗೆ ಕೂಲಿ ಕೊಡಲು ಕಟ್ಟಿಸಿದ ಸೇತುವೆಗಳು ಇವು. ನಮ್ಮ ಬರಗಾಲದ ಕಾಮಗಾರಿಗಳ ಹಾಗೆ. ಎಲ್ಲವೂ ತಗ್ಗು. ನೀರು ಜೋರಾಗಿ ಬಂದರೆ ಸೇತುವೆಯ ಮೇಲೇ ಹರಿದು ಹೋಗಲಿ ಅಂತ ಹಾಗೆ ಬಿಟ್ಟಿದ್ದಾರೆ. ಮೇಲಿನ ಕೊನೆಯವರೆಗೆ ಗಾಡಿಯಲ್ಲಿ ಹೋಗಿ, ಇಳಿಜಾರಿನಲ್ಲಿ ನಿಧಾನ ನಡೆದುಕೊಂಡು ಬರುವುದು ನಮ್ಮ ಲೆಕ್ಕ.

ಮೇಲೆ ಕಮರಿ ಕಿರಿದು. ಎರಡೂ ಕಡೆ ನೈಸ್ ಅನ್ನುವ ಜಾತಿಯ ಕಲ್ಲಿನ ಗೋಡೆ, ಬಿಳಿ ಕಪ್ಪು ಪಟ್ಟಿ ಹೊಡೆದ ಕಂಬಳಿಯ ಹಾಗೆ. ಕೆಳಗೆ ಹಳ್ಳದಲ್ಲಿ ಮನೆಯಷ್ಟು ದೊಡ್ಡ ಬಂಡೆಗಳು. 1887ರ ಮೇ 3ರಂದು ಮೆಕ್ಸಿಕೋದ ಸೊನೋರಾದಲ್ಲಿ ದೊಡ್ಡ ಭೂಕಂಪವಾದಾಗ ಈ ಬೆಟ್ಟದಿಂದಲೂ ಬಂಡೆಗಳು ಉರುಳಿದ್ದವು. ಬಂಡೆಗಳ ಸಂದಿಯಿಂದ ಕ್ಯಾನ್ಯನ್ ರೆನ್ ಅನ್ನುವ ಕಂದು ಹಕ್ಕಿ ಹಾಡುತ್ತಿತ್ತು. ಮೇಲಿನ ಸ್ವರದಿಂದ ಶುರುವಾಗಿ ಮೆಟ್ಟಿಲು ಇಳಿದ ಹಾಗೆ ಕೆಳಕೆಳಗೆ ಬರುವ ಹಾಡು. ಗೋಡೆಗೆ ತಾಗಿ ಅದು ಮತ್ತೊಮ್ಮೆ ಕೇಳುತ್ತದೆ. ಹಕ್ಕಿ ಕಂಡದ್ದು ಒಂದೇ ಸಲ, ಹಾಡು ಮಾತ್ರ ಇಡೀ ದಿನ ಜೊತೆಗಿತ್ತು.

ಮೇಲಿನ ಒಂದು ಸೇತುವೆಯ ಪಕ್ಕ ನೀರಿಗಿಳಿದೆವು. ಅಲ್ಲಿ ಒಂದು ಗಂಟೆಗಿಂತ ಜಾಸ್ತಿ ಕೂತಿದ್ದೆವು ಅನಿಸುತ್ತದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದೊಂದೇ ಕಾಣತೊಡಗಿದವು. ಕಿತ್ತಳೆ ಬಣ್ಣದ ಏರೋಪ್ಲೇನ್ ಚಿಟ್ಟೆ ಒಂದೇ ಕಡ್ಡಿಯ ಮೇಲೆ ಬಂದು ಬಂದು ಕೂರುತ್ತಿತ್ತು. ನೀರ ಮೇಲೆ ಓಡಾಡುವ ಹುಳಗಳ ನೆರಳು ತಳದ ಮರಳಲ್ಲಿ ದುಂಡು ದುಂಡಾಗಿ ಬೀಳುತ್ತಿತ್ತು. ಮಗಳು ಬಂಡೆಗೆ ಒರಗಲು ಹೋಗಿ ಚೀರಿದಳು. ಬಂಡೆಯ ಮೇಲಿನ ಒಂದು ಮಚ್ಚೆ ಕಣ್ಣು ಬಿಟ್ಟಿತ್ತು! ಕ್ಯಾನ್ಯನ್ ಮರಗಪ್ಪೆ. ಎರಡು ಇಂಚು ಕೂಡ ಇಲ್ಲ. ಕಲ್ಲಿನದೇ ಬಣ್ಣ, ಕಲ್ಲಿನದೇ ತರಿ. ಮರಗಪ್ಪೆ ಅಂತ ಹೆಸರಿದ್ದರೂ ಮರ ಹತ್ತುವುದು ಕಡಿಮೆ, ಹಗಲೆಲ್ಲ ನೀರಿನ ಪಕ್ಕದ ಬಂಡೆಯ ಮೇಲೆ ಕೂತಿರುತ್ತದೆ. ಒಂದನ್ನು ಕಂಡ ಮೇಲೆ ಅದೇ ಬಂಡೆಯಲ್ಲಿ ಇನ್ನೂ ಆರು ಕಂಡವು. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಮೇಕೆ ಮರಿಯ ಕೂಗು ಕೇಳಿಸಿತು. ಅಪ್ಪ ಎದ್ದು ನಿಂತು ಸುತ್ತ ನೋಡಿದರು. "ಇಲ್ಲೆಲ್ಲೋ ಮರಿ ತಪ್ಪಿಸಿಕೊಂಡಿದೆ" ಅಂದರು. ಅದು ಮರಿಯಲ್ಲ, ಅದೇ ಕಪ್ಪೆಯ ಕೂಗು.

ಆಳದ ಗುಂಡಿಯಲ್ಲಿ ಗೇಣಿನ ಉದ್ದದ ಕಪ್ಪನೆ ಮೀನು ಸುಳಿಯಿತು. ಗೀಲಾ ಚಬ್ ಇರಬೇಕು. ಅಮೆರಿಕ ಸರ್ಕಾರ ಇದನ್ನು 2005ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಹೊರಗಿನಿಂದ ಬಂದ ಸನ್‌ಫಿಶ್ ಮೀನು, ಸಿಗಡಿಯಂಥ ಕ್ರೇಫಿಶ್‌ಗಳು ಇದರ ಮರಿಗಳನ್ನು ತಿನ್ನುತ್ತವೆ. ಬೆಂಕಿ ಇನ್ನೊಂದು ಅಪಾಯ. 2003ರಲ್ಲಿ ಮೇಲಿನ ಬೆಟ್ಟಕ್ಕೆ ಕಾಡ್ಗಿಚ್ಚು ಬಿತ್ತು, ಆಸ್ಪೆನ್ ಬೆಂಕಿ ಅಂತ ಅದರ ಹೆಸರು. ಮಳೆ ಬಂದರೆ ಬೂದಿ ನೀರಲ್ಲಿ ಮೀನು ಉಸಿರುಗಟ್ಟಿ ಸಾಯುತ್ತವೆ ಅಂತ ಅಧಿಕಾರಿಗಳು ಮೊದಲೇ ನೂರಾರು ಮೀನು ಹಿಡಿದು ಬೇರೆ ಕಡೆ ಸಾಕಿ, ಆಮೇಲೆ ತಂದು ಬಿಟ್ಟರು. ಈ ಗುಂಡಿಯಲ್ಲಿ ಓಡಾಡುತ್ತಿರುವುದು ಅವುಗಳ ಮೊಮ್ಮಕ್ಕಳೋ ಏನೋ ಅಂದುಕೊಂಡರೆ ಸಮಾಧಾನ ಆಗುತ್ತದೆ. 2020ರ ಜೂನ್ 5ರಂದು ಸಿಡಿಲಿನಿಂದ ಹೊತ್ತಿದ ಬಿಗ್‌ಹಾರ್ನ್ ಬೆಂಕಿ ಇನ್ನೂ ದೊಡ್ಡದು. ಸುಮಾರು 1,20,000 ಎಕರೆ ಸುಟ್ಟಿತು. ಬೇರು ಸತ್ತ ಇಳಿಜಾರಿನ ಮಣ್ಣು, ಮರಳು ಎಲ್ಲ ಹಳ್ಳಕ್ಕೇ ಬರುತ್ತದೆ, ಮೀನಿಗೆ ಬೇಕಾದ ಆಳದ ಗುಂಡಿಗಳು ತುಂಬಿಹೋಗುತ್ತವೆ.

ಮಧ್ಯಾಹ್ನ ಚಪಾತಿ, ಚಟ್ನಿಪುಡಿ ತಿಂದು ಇಳಿಯತೊಡಗಿದೆವು. ದಾರಿಯ ಬದಿಯ ಪಾಪಾಸುಕಳ್ಳಿಯ ಮೇಲೆ ಅಲ್ಲಲ್ಲಿ ಬಿಳಿ ಹತ್ತಿಯ ಹಾಗೆ ಅಂಟಿಕೊಂಡಿತ್ತು. ಕಡ್ಡಿಯಿಂದ ಸ್ವಲ್ಪ ತೆಗೆದು ಮಗಳ ಅಂಗೈಯಲ್ಲಿ ಉಜ್ಜಿದೆ. ಕುಂಕುಮ ಕಲಸಿದ ಹಾಗೆ ಕೆಂಪಾಯಿತು. ಕಾಚಿನೀಲ್ ಹುಳ. ಬ್ರಿಟಿಷರು ಈ ಬಣ್ಣದ ಆಸೆಗೇ ಪಾಪಾಸುಕಳ್ಳಿಯನ್ನು ನಮ್ಮ ದೇಶಕ್ಕೆ ತಂದರು. ಕಳ್ಳಿ ಹೊಲಗದ್ದೆಗೆ ನುಗ್ಗಿತು. ಕೊನೆಗೆ ಅದನ್ನು ಹದ್ದುಬಸ್ತಿನಲ್ಲಿಡಲು ದಕ್ಷಿಣ ಭಾರತದಲ್ಲಿ ಇದೇ ಬಗೆಯ ಹುಳವನ್ನೇ ಬಿಡಬೇಕಾಯಿತು. ಅಪ್ಪ ಬಹಳ ಹೊತ್ತು ಆ ಬಿಳಿ ಚುಕ್ಕೆಗಳನ್ನೇ ನೋಡಿದರು. "ಹಂಗಾದ್ರೆ ಜಾಲಿಗೂ ಇಲ್ಲಿ ಯಾವನಾದ್ರೂ ಇರ್ಬೇಕಲ್ಲ" ಅಂದರು.

ಇದ್ದಾರೆ. ಮೆಸ್ಕೀಟ್ ಕೊಂಬೆಗಳಲ್ಲಿ ಬಂದಳಿಕೆ ಗುಪ್ಪೆ ಗುಪ್ಪೆಯಾಗಿ ನೇತಾಡುತ್ತದೆ. ಅದರ ಕೆಂಪು ಹಣ್ಣು ತಿನ್ನಲು ಫೈನೋಪೆಪ್ಲಾ ಅನ್ನುವ ಜುಟ್ಟಿನ ಕರಿಹಕ್ಕಿ ಬರುತ್ತದೆ, ಕಣ್ಣು ಕೆಂಡದ ಹಾಗೆ. ಅದು ಹಾಕಿದ ಹಿಕ್ಕೆಯಿಂದಲೇ ಬಂದಳಿಕೆ ಮುಂದಿನ ಮರಕ್ಕೆ ಹೋಗುತ್ತದೆ. ಬೀಜ ಕೊರೆಯುವ ಹುಳಗಳಿವೆ. ಕಾಯಿ ತಿನ್ನಲು ಕಾಡುಹಂದಿಯಂಥ ಹವೆಲೀನಾ, ತೋಳದ ನೆಂಟ ಕಯೋಟಿ, ಅಳಿಲು ಇವೆ. ಮನುಷ್ಯರೂ ಇದ್ದಾರೆ. ಇಲ್ಲಿಯ ಮೂಲನಿವಾಸಿ ಟೊಹೋನೋ ಓಡಮ್ ಜನ ಮೆಸ್ಕೀಟ್ ಕಾಯಿಯನ್ನು ಒಣಗಿಸಿ ಹಿಟ್ಟು ಮಾಡುತ್ತಾರೆ. ಬೇರಿನ ವಿಷಯ ಹೇಳಿದಾಗ ಅಪ್ಪ ನಂಬಲಿಲ್ಲ. ಟೂಸಾನ್ ಹತ್ತಿರ ತೆರೆದ ಗಣಿ ಅಗೆಯುವಾಗ 50 ಮೀಟರ್‌ಗಿಂತ ಆಳದಲ್ಲಿ ಮೆಸ್ಕೀಟ್ ಬೇರು ಸಿಕ್ಕಿತ್ತು. "ಅದಕ್ಕೇ ನಾನು ಕಿತ್ತಷ್ಟೂ ಬರ್ತಿತ್ತು" ಅಂದರು. ಹದಿನೈದು ವರ್ಷದ ಲೆಕ್ಕ ಸಿಕ್ಕಿದ ಹಾಗಿತ್ತು ಅವರ ಧ್ವನಿ.

ಇಳಿಯುವಾಗ ಮಗಳ ಶೂಗೆ ಚೋಯಾ ಕಳ್ಳಿಯ ಒಂದು ತುಂಡು ಚುಚ್ಚಿಕೊಂಡಿತು. ಕೈಯಿಂದ ಎಳೆಯಲು ಹೋದರೆ ಕೈಗೇ ಅಂಟುತ್ತದೆ. ಅದಕ್ಕೆ ಬಾಚಣಿಗೆ ಬೇಕು. ಅಪ್ಪನ ಜೇಬಲ್ಲಿ ಸದಾ ಇರುತ್ತದೆ. ಹಲ್ಲುಗಳ ನಡುವೆ ಮುಳ್ಳು ಸಿಕ್ಕಿಸಿ ಒಂದೇ ಏಟಿಗೆ ಹಾರಿಸಿದರು.

ಅಲ್ಲಿಂದ ಸ್ವಲ್ಪ ಕೆಳಗೆ ಗಾಡಿ ಕಾಯುತ್ತಾ ನಿಂತಿದ್ದಾಗಲೇ ನಾವು ಕನಸಲ್ಲೂ ಎಣಿಸದ್ದು ಕಂಡಿತು. ಕಲ್ಲಿನ ಕಟ್ಟೆಯ ಕೆಳಗಿನಿಂದ ಗೀಲಾ ಮಾನ್‌ಸ್ಟರ್ ಹೊರಗೆ ಬಂತು. ಮೊಳದುದ್ದದ ಹಲ್ಲಿ. ಮೈಮೇಲೆ ಕಪ್ಪು, ಕಿತ್ತಳೆ ಮಣಿ ಪೋಣಿಸಿದ ಹಾಗೆ. ವಿಷವಿದೆ, ಆದರೆ ಅದಕ್ಕೆ ಯಾರ ಮೇಲೂ ಹೋಗುವ ಇರಾದೆ ಇರಲಿಲ್ಲ. ಬಾಲ ದಪ್ಪ, ಅದರಲ್ಲಿ ಕೊಬ್ಬು ಕೂಡಿಟ್ಟುಕೊಂಡಿರುತ್ತದೆ. ಬದುಕಿನ ಬಹುಪಾಲು ನೆಲದೊಳಗೇ ಕಳೆಯುವ ಪ್ರಾಣಿ. ಏಪ್ರಿಲ್, ಮೇ ತಿಂಗಳಲ್ಲಿ ಹಕ್ಕಿಮೊಟ್ಟೆ, ಮೊಲದ ಮರಿ ಹುಡುಕುತ್ತಾ ಹೊರಗೆ ಬರುತ್ತದೆ. ಇದರ ವಿಷದಲ್ಲಿ ಸಿಕ್ಕ ಒಂದು ಅಂಶದ ಜಾಡು ಹಿಡಿದು ಸಕ್ಕರೆ ಕಾಯಿಲೆಗೆ ಎಕ್ಸೆನಟೈಡ್ ಅನ್ನುವ ಔಷಧಿ ಮಾಡಿದರು. ಅಮೆರಿಕದಲ್ಲಿ 2005ರಲ್ಲಿ ಅನುಮತಿ ಸಿಕ್ಕಿತು. ಅಪ್ಪನಿಗೂ ಸಕ್ಕರೆ ಕಾಯಿಲೆ ಇದೆ. ಆ ಹಲ್ಲಿ ಪೊದೆಗೆ ಹೋಗಿ ಮರೆಯಾಗುವವರೆಗೂ ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಫೋಟೋ ತೆಗೆಯುವುದನ್ನೇ ಮರೆತೆ.

ಮೂರನೇ ದಿನ, ಶನಿವಾರ

ಈ ನೀರು ಎಲ್ಲಿಂದ ಬರುತ್ತದೆ ಅಂತ ಅಪ್ಪ ಕೇಳಿದ್ದರಿಂದ ಅದೇ ಬೆಟ್ಟಸಾಲಿನ ಮೌಂಟ್ ಲೆಮನ್‌ಗೆ ಹೊರಟೆವು. ಬೆಟ್ಟದ ಎತ್ತರ 2,791 ಮೀಟರ್. ಅರ್ಧ ಗಂಟೆ ಹತ್ತುವಷ್ಟರಲ್ಲಿ ಸಗ್ವಾರೋ ಪೂರ್ತಿ ನಿಂತುಹೋಗುತ್ತದೆ. ಇಡೀ ಒಂದು ಹಗಲು ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಇದ್ದರೆ ಅದು ಬದುಕುವುದಿಲ್ಲ. ಆಮೇಲೆ ಓಕ್, ಆಮೇಲೆ ಪೈನ್, ತುದಿಯಲ್ಲಿ ಫರ್. ಸುತ್ತ ಮರುಭೂಮಿ, ನಡುವೆ ತಂಪಾದ ಕಾಡು ಹೊತ್ತ ಬೆಟ್ಟ. ಇಂಥವನ್ನು ಆಕಾಶ ದ್ವೀಪ ಅನ್ನುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಶೋಲಾ ಕಾಡುಗಳಿಗೂ ಅದೇ ಹೆಸರಿದೆ.

ಸಮ್ಮರ್‌ಹೇವನ್ ಅನ್ನುವ ಚಿಕ್ಕ ಊರಿನ ನಡುವೆ ಸಬೀನೋ ಹಳ್ಳ ಮೊಣಕಾಲಗಲದ ತೊರೆಯಾಗಿ ಹರಿಯುತ್ತದೆ. ಮಗಳು ಆಚೆಗೊಮ್ಮೆ ಈಚೆಗೊಮ್ಮೆ ದಾಟಿದಳು. ಹತ್ತಿರದ ಮಾರ್ಷಲ್ ಗಲ್ಚ್ ಅನ್ನುವ ಕಣಿವೆಯಲ್ಲಿ ಮರದ ನೆರಳಲ್ಲಿ ಕೊಳಕಾದ ಹಿಮದ ಒಂದು ಗುಪ್ಪೆ ಉಳಿದಿತ್ತು. ಅಪ್ಪ ಹಿಮ ಮುಟ್ಟಿದ್ದು ಅದೇ ಮೊದಲು. ಅದರ ಬುಡದಿಂದ ಒಂದೊಂದೇ ಹನಿ ಮಣ್ಣಿಗೆ ಇಳಿಯುತ್ತಿತ್ತು. ಕೆಳಗೆ ಕಪ್ಪೆಗೂ ಚಬ್ ಮೀನಿಗೂ ಸಿಗುವುದು ಇದೇ ನೀರು.

ಸುಟ್ಟ ಮರಗಳು ಅಲ್ಲಲ್ಲಿ ಕರ್ರಗೆ ನಿಂತಿವೆ. ಒಂದು ಸತ್ತ ಪೈನ್ ಮರದ ತುಂಬಾ ಸಾಲು ತೂತು, ಪ್ರತಿ ತೂತಿನಲ್ಲೂ ಒಂದು ಓಕ್ ಬೀಜ. ಏಕಾರ್ನ್ ಮರಕುಟಿಗಗಳ ಕಣಜ. ಕುಟುಂಬದವರೆಲ್ಲ ಸೇರಿ ತುಂಬುತ್ತವೆ, ಸರದಿಯಲ್ಲಿ ಕಾಯುತ್ತವೆ. ಚಳಿಗೆ ಅಪ್ಪನ ಮಂಡಿ ಹಿಡಿದುಕೊಂಡಿತು. ಬೇಗ ಇಳಿದೆವು. ಸಂಜೆ ಎಲ್ಲೂ ಹೋಗಲಿಲ್ಲ.

ನಾಲ್ಕನೇ ದಿನ, ಭಾನುವಾರ

ಹೊರಡುವ ಮೊದಲು ಇನ್ನೊಮ್ಮೆ ಹಳ್ಳಕ್ಕೆ ಹೋಗೋಣ ಅಂತ ಅಪ್ಪನೇ ಹೇಳಿದರು. ಬೆಳಿಗ್ಗೆ ಆರೂವರೆ. ರಾತ್ರಿ ಅರಳಿದ ಮೊದಲ ಸಗ್ವಾರೋ ಹೂಗಳು ಇನ್ನೂ ತೆರೆದಿದ್ದವು, ಮಧ್ಯಾಹ್ನ ಕಳೆಯುವಷ್ಟರಲ್ಲಿ ಮುಚ್ಚುತ್ತವೆ. ರೆಕ್ಕೆಯಲ್ಲಿ ಬಿಳಿ ಪಟ್ಟಿ ಇರುವ ಬೆಳವ ಹಕ್ಕಿಗಳು ತಲೆಯನ್ನು ಪೂರ್ತಿ ಹೂವೊಳಗೆ ಇಳಿಸಿ, ಮುಖದ ತುಂಬಾ ಪರಾಗ ಮೆತ್ತಿಕೊಂಡು ಮೇಲೇಳುತ್ತಿದ್ದವು. ಮೆಸ್ಕೀಟ್ ಕೆಳಗೆ ಏಳೆಂಟು ಹವೆಲೀನಾಗಳು ಮೂತಿಯಿಂದ ನೆಲ ಕೆದಕುತ್ತಿದ್ದವು. ನೋಡಲು ಕಾಡುಹಂದಿ, ಆದರೆ ಹಂದಿಯ ಕುಟುಂಬದ್ದಲ್ಲ. ಒಂದು ಪಾಪಾಸುಕಳ್ಳಿಯನ್ನು ಮುಳ್ಳಿನ ಸಮೇತ ಕಚಕಚ ಅಗಿಯಿತು. ಎರಡು ಮರಿಗಳು ತಾಯಿಯ ಹೊಟ್ಟೆಯಡಿಯೇ ಓಡಾಡಿಕೊಂಡಿದ್ದವು.

ಇಳಿಜಾರಿನಲ್ಲಿ ನಾಲ್ಕೈದು ಜನ ಹಾರೆ ಹಿಡಿದು ಹುಲ್ಲು ಕೀಳುತ್ತಿದ್ದರು. ಹೆಚ್ಚಿನವರು ಅಪ್ಪನ ವಯಸ್ಸಿನವರು. ಸಂಬಳದವರಲ್ಲ, ತಾವಾಗಿ ಬರುವವರು. ಅಪ್ಪ ಹತ್ತಿರ ಹೋಗಿ ಒಂದು ಗರಿ ಎತ್ತಿಕೊಂಡು ಮೂಸಿದರು. "ಇದು ಅಂಜನ್ ಹುಲ್ಲು ಕಣೋ, ದನಕ್ಕೆ ಒಳ್ಳೇ ಮೇವು." ನಿಜ, ಅದೇ. ಇಲ್ಲಿ ಬಫಲ್‌ಗ್ರಾಸ್ ಅನ್ನುತ್ತಾರೆ. ಆಫ್ರಿಕಾ ಮತ್ತು ನಮ್ಮ ಕಡೆಯ ಒಣ ಸೀಮೆಯ ಹುಲ್ಲು, ಮೇವಿಗೆ ಅಂತ ತಂದದ್ದು. ಈ ಮರುಭೂಮಿಯಲ್ಲಿ ಗಿಡಕ್ಕೂ ಗಿಡಕ್ಕೂ ನಡುವೆ ಬರೀ ನೆಲ ಇರುತ್ತದೆ, ಬೆಂಕಿ ಹೆಚ್ಚು ದೂರ ಹರಡುವುದಿಲ್ಲ. ಈ ಹುಲ್ಲು ಆ ಜಾಗವನ್ನೆಲ್ಲ ತುಂಬುತ್ತದೆ. ಒಣಗಿ ಹೊತ್ತಿಕೊಂಡರೆ ನೂರು ವರ್ಷದ ಸಗ್ವಾರೋಗಳು ಸುಟ್ಟುಹೋಗುತ್ತವೆ. ಮೊದಲ ತೋಳು ಬಿಡಲಿಕ್ಕೇ 50ರಿಂದ 75 ವರ್ಷ ತೆಗೆದುಕೊಳ್ಳುವ ಗಿಡ ಅದು.

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆ ಹಿರಿಯರಿಗೆ ಕನ್ನಡ ಬರುವುದಿಲ್ಲ. ಒಬ್ಬರು ಸುಮ್ನೆ ಹಾರೆ ಮುಂದೆ ಚಾಚಿದರು. ಅಪ್ಪ ಬುಡದ ಪಕ್ಕ ಸರಿಯಾದ ಜಾಗಕ್ಕೆ ಹಾಕಿ, ಒಂದು ಸಲ ಮೀಟಿ, ಬೇರು ಸಮೇತ ಎತ್ತಿ, ಮಣ್ಣು ಕೊಡವಿ ಪಕ್ಕಕ್ಕಿಟ್ಟರು. ಆ ಹಿರಿಯರು ತಲೆಯಾಡಿಸಿ ನಕ್ಕರು. ಅಪ್ಪ ಹನ್ನೊಂದು ಬುಡ ಕಿತ್ತರು, ಮಗಳು ಎಣಿಸಿದಳು. ಹಾರೆ ವಾಪಸ್ ಕೊಡುವಾಗ ಅಪ್ಪ ತಮ್ಮ ಹೆಬ್ಬೆರಳಿನ ಕಲೆ ತೋರಿಸಿ, ಪಕ್ಕದ ಮೆಸ್ಕೀಟ್ ಕಡೆ ಕೈ ಮಾಡಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕಲೆಯನ್ನು ಹತ್ತಿರದಿಂದ ನೋಡಿ, ಅಪ್ಪನ ಕೈ ಸ್ವಲ್ಪ ಹೊತ್ತು ಹಿಡಿದುಕೊಂಡರು.

ಅಣೆಕಟ್ಟಿಗೆ ಹೋದಾಗ ಬಿಸಿಲು ಇನ್ನೂ ನೀರಿಗೆ ಇಳಿದಿರಲಿಲ್ಲ. ಕೆಂಪು ಕಲ್ಲು ಮಗಳು ಇಟ್ಟಲ್ಲೇ ಇತ್ತು. ಒಣಗಿತ್ತು. ಇಡೀ ರಾತ್ರಿ ಮರಗಳು ಕುಡಿಯದೆ ಬಿಟ್ಟರೂ ನೀರು ಅಲ್ಲಿಯವರೆಗೆ ಬಂದಿರಲಿಲ್ಲ, ಎರಡು ಬೆರಳು ಹಿಂದೆಯೇ ನಿಂತಿತ್ತು. ಮೇ ಕಳೆದು ಜೂನ್ ಬಂದರೆ ಇಲ್ಲಿ ಬರೀ ಮರಳು ಉಳಿಯುವುದೂ ಉಂಟು, ಮಾನ್ಸೂನ್ ಬರುವವರೆಗೆ. ಆ ಎರಡು ಬೆರಳಿನ ಹಸಿ ಮರಳಲ್ಲಿ ಕಾಟನ್‌ವುಡ್ ಸಸಿಗಳು ಎದ್ದಿದ್ದವು. ಸಾಸಿವೆ ಮೊಳಕೆಯಷ್ಟು ಚಿಕ್ಕವು, ಎರಡೇ ಎಲೆ. ಮಗಳು ಅವುಗಳಿಗೆ ತಾಗದ ಹಾಗೆ ಬಗ್ಗಿ ಕಲ್ಲು ತೆಗೆದುಕೊಂಡು, ಹೊಸ ಅಂಚಿಗೆ ಇಟ್ಟಳು. "ತಾತ ಊರಿಗೆ ಹೋಗೋದ್ರೊಳಗೆ ಇನ್ನೊಂದ್ಸಲ ಬರೋಣ ಅಪ್ಪ" ಅಂದಳು. ಅಪ್ಪ ಆಗಲೇ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಸಸಿ ಎಣಿಸುತ್ತಿದ್ದರು.